ಎಣ್ಣೆಯ ಬೆನ್ನು ಹತ್ತಿ ಮನೋಳಿಗೆ

ಹಳೇ ಯೆಜ್ಡಿ ಇಟ್ಟುಕೊಂಡವರಿಗೆ ನೆಲದ ಮೇಲಿನ ಎಣ್ಣೆ ಕಲೆ ಹೊಸದಲ್ಲ. ಗಾಡಿ ನಿಲ್ಲಿಸಿದಲ್ಲಿ ಎಡಗಡೆ, ಕಿಕ್ಕರಿನ ಬುಡಕ್ಕೆ ನೇರವಾಗಿ ಒಂದು ಕಪ್ಪು ಗುರುತು ಬಿದ್ದೇ ಇರುತ್ತದೆ. ಮನೆಯಲ್ಲಿ ಅದರ ಮೇಲೆ ರಟ್ಟು ಹಾಸುತ್ತಾರೆ, ನಾವು ಗಾಡಿಯನ್ನು ಬಿಟ್ಟುಕೊಡದೆ ಏನೋ ಒಂದು ಸಬೂಬು ಹೇಳುತ್ತೇವೆ. ನನ್ನ ರೋಡ್‌ಕಿಂಗಿನದೂ ಅಷ್ಟೇ ಆಗಿದ್ದರೆ ಈ ಪ್ರವಾಸ ಎಲ್ಲಮ್ಮನ ಗುಡ್ಡ ಹತ್ತಿಳಿದು ಧಾರವಾಡಕ್ಕೆ ಮರಳುವುದರಲ್ಲಿ ಮುಗಿದಿರುತ್ತಿತ್ತು. ಆದರೆ ಗೇರ್ ಬಾಕ್ಸಿನಲ್ಲಿ ಎಣ್ಣೆ ಇಳಿಯುತ್ತಿದ್ದ ಪ್ರಮಾಣಕ್ಕೂ ನೆಲಕ್ಕೆ ಬೀಳುತ್ತಿದ್ದ ಹನಿಗಳಿಗೂ ತಾಳೆಯೇ ಇರಲಿಲ್ಲ. ಉಳಿದ ಎಣ್ಣೆ ಎಲ್ಲಿಗೆ ಹೋಗುತ್ತಿತ್ತು? ಅದನ್ನು ಕಂಡುಹಿಡಿದವರು ಮಲಪ್ರಭೆಯ ದಂಡೆಯ ಮನೋಳಿಯ ಒಬ್ಬ ಮಿಸ್ತ್ರಿ. ಅವರು ಹಿಡಿದುಕೊಟ್ಟ ಉತ್ತರದ ಬೆರಗು ನನಗೆ ಇನ್ನೂ ಇಳಿದಿಲ್ಲ.

ಗಾಡಿಯ ಬಗ್ಗೆ ಎರಡು ಮಾತು. ಇದರ ತವರು ಮೈಸೂರು. ಚೆಕೊಸ್ಲೊವಾಕಿಯಾದ ಜಾವಾ ವಿನ್ಯಾಸವನ್ನು ತಂದು ಇರಾನಿ ಕುಟುಂಬದವರು ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ ತೆರೆದರು. ಜಯಚಾಮರಾಜ ಒಡೆಯರ್ ಉದ್ಘಾಟಿಸಿದರು, 1961ರಿಂದ ಗಾಡಿಗಳು ಹೊರಬರತೊಡಗಿದವು. ಎಪ್ಪತ್ತರ ದಶಕದಲ್ಲಿ ಜಾವಾ ಹೆಸರು ಹೋಗಿ ಯೆಜ್ಡಿ ಬಂತು, 1978ರಲ್ಲಿ ರೋಡ್‌ಕಿಂಗ್ ಬಂತು, 1996ರಲ್ಲಿ ಕಾರ್ಖಾನೆಯ ಬಾಗಿಲೇ ಮುಚ್ಚಿತು. ಸಿಲಿಂಡರು ಒಂದು, ಸೈಲೆನ್ಸರು ಎರಡು. ಗೇರ್ ಹಾಕುವ ಸರಳನ್ನೇ ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಅದೇ ಕಿಕ್ಕರ್. ಮೊದಲ ಸಲ ನೋಡಿದವರು ಇವತ್ತಿಗೂ ಬಾಯಿ ತೆರೆಯುತ್ತಾರೆ. ನಮ್ಮ ಕಡೆ ಹಾಲಿನ ಕ್ಯಾನು, ಹತ್ತಿ ಚೀಲ, ಹೆಂಡತಿ ಮಕ್ಕಳು ಎಲ್ಲವನ್ನೂ ಇದು ಹೊತ್ತಿದೆ. ಹೊಗೆಯನ್ನೂ ಬಿಟ್ಟಿದೆ, ಸುಳ್ಳು ಯಾಕೆ ಹೇಳಲಿ.

ಬನದ ಹುಣ್ಣಿಮೆಯ ಗದ್ದಲ ಇಳಿದ ಮೇಲೆ ಹೊರಟೆ. ಅಮ್ಮಿನಬಾವಿ ದಾಟಿದರೆ ಎರಿ ಹೊಲ ಶುರು. ಕಣ್ಣು ಹಾಯುವವರೆಗೆ ಬಿಳಿಜೋಳ, ನಡುನಡುವೆ ಕುಸುಬಿಯ ಹಳದಿ, ಹಾದಿಯ ಮಗ್ಗುಲಿಗೆ ಕಡಲೆ. ಒಂದು ಹೊಲದ ಬದುವಿನಲ್ಲಿ ಸೀತನಿ ಸುಡುತ್ತಿದ್ದರು. ಗಾಡಿ ನಿಲ್ಲಿಸಿದೆ. ಬೆಂಕಿಯಲ್ಲಿ ಹದವಾಗಿ ಬೆಂದ ಎಳೆಜೋಳದ ತೆನೆಯನ್ನು ಬಿಸಿಬಿಸಿ ಇದ್ದಾಗಲೇ ತಿಕ್ಕಿ, ಕಾಳನ್ನು ಅಂಗೈಗೆ ಸುರಿದ ಗೌಡರು ನನ್ನ ಗಾಡಿಯ ಹಿಂದೆ ಇನ್ನೂ ತೇಲುತ್ತಿದ್ದ ಹೊಗೆಯನ್ನೇ ನೋಡುತ್ತಿದ್ದರು. "ನಿಮ್ಮ ಗಾಡಿ ನಮ್ಮ ಒಲಿಗಿಂತ ಜೋರೈತಿ ಬಿಡ್ರಿ" ಅಂದರು. ನಕ್ಕು ಮುಂದೆ ಹೋದೆ. ಆ ಮಾತಿನಲ್ಲೇ ಅರ್ಧ ಉತ್ತರವಿತ್ತು ಅನ್ನುವುದು ಮನೋಳಿಗೆ ಹೋದ ಮೇಲೆ ತಿಳಿಯಿತು.

ಗುಡ್ಡದಲ್ಲಿ ಜನ ಕಡಿಮೆಯಾಗಿತ್ತು, ಆದರೂ ಎಲ್ಲಮ್ಮನ ಗುಡ್ಡ ಖಾಲಿ ಅನ್ನುವ ದಿನ ಇರುವುದಿಲ್ಲ. ಚಕ್ಕಡಿ ಬಿಟ್ಟು, ಮೂರು ಕಲ್ಲಿಟ್ಟು ಒಲೆ ಹೂಡಿ ಹೋಳಿಗೆ ಬೇಯಿಸುವವರು, ಪಡ್ಡಲಗಿ ತುಂಬಿಸುವವರು, ಎಣ್ಣೆಹೊಂಡದಲ್ಲಿ ಮಿಂದು ಒದ್ದೆ ಸೀರೆಯಲ್ಲೇ ಗುಡಿಯ ಕಡೆ ನಡೆಯುವವರು. "ಉಧೋ ಉಧೋ" ಅನ್ನುವ ಕೂಗು ಎಲ್ಲೋ ಎದ್ದು ಎಲ್ಲೋ ಇಳಿಯುತ್ತದೆ. ದರ್ಶನ ಮುಗಿಸಿ ಬರುವಷ್ಟರಲ್ಲಿ ಗಾಡಿಯ ಸುತ್ತ ನಾಲ್ಕಾರು ಹುಡುಗರು. ಕೆಳಗೆ ಬಿದ್ದ ಕಲೆ ನೋಡಿ ಒಬ್ಬ, "ಅಣ್ಣಾ, ನಿನ್ ಗಾಡಿ ಇಲ್ಲೂ ಒಂದು ಎಣ್ಣಿಹೊಂಡ ಮಾಡೇತಿ ನೋಡು" ಅಂದ. ಕೊರಳಲ್ಲಿ ಕವಡೆ ಸರ ಹಾಕಿದ್ದ ಜೋಗಮ್ಮ ಒಬ್ಬರು ಬಂದು ಟ್ಯಾಂಕಿಗೆ, ಹೆಡ್‌ಲೈಟಿಗೆ, ನನ್ನ ಹಣೆಗೆ ಒಂದೇ ಬೀಸಿನಲ್ಲಿ ಭಂಡಾರ ಹಚ್ಚಿದರು. ಕೈಯಲ್ಲಿ ಉಳಿದದ್ದನ್ನು ಎಂಜಿನ್ನಿನ ಮೇಲೆ ಎರಚಿದರು.

ಗುಡ್ಡ ಇಳಿದು ನವಿಲುತೀರ್ಥಕ್ಕೆ ಬಂದೆ. ಇಲ್ಲಿ ನಿಲ್ಲದೆ ಹೋಗಲು ಸಾಧ್ಯವಿಲ್ಲ. ಖಾನಾಪುರದ ಕಣಕುಂಬಿಯಲ್ಲಿ ಹುಟ್ಟಿ ಬಯಲಿನಲ್ಲಿ ಹರಿದು ಬರುವ ಮಲಪ್ರಭೆಗೆ ಇಲ್ಲಿ ಗುಡ್ಡದ ಸಾಲು ಅಡ್ಡ ಬರುತ್ತದೆ. ಬಳಸಿಕೊಂಡು ಹೋಗಬೇಕಿದ್ದ ನದಿ ಬಂಡೆಯನ್ನೇ ಸೀಳಿ ನಡುವೆ ಹಾದುಹೋಗಿದೆ. ನವಿಲು ಕರೆಯಿತು, ಹೊಳೆ ಬಂತು, ಗುಡ್ಡ ಬಾಯಿಬಿಟ್ಟಿತು ಎಂದು ಹಿರಿಯರು ಹೇಳುತ್ತಾರೆ. ಆ ಕಿರಿದಾದ ಕಣಿವೆಗೆ ಎಪ್ಪತ್ತರ ದಶಕದ ಆರಂಭದಲ್ಲಿ ಅಣೆಕಟ್ಟು ಬಂತು. ಕಣಿವೆ ಎಷ್ಟು ಕಿರಿದೆಂದರೆ ನೂರೈವತ್ತು ಮೀಟರಿನಷ್ಟು ಉದ್ದದ ಗೋಡೆ ಸಾಕಾಯಿತು. ಅದರ ಹಿಂದೆ ನಿಲ್ಲುವ ನೀರು ಮಾತ್ರ 37 ಟಿಎಂಸಿ ಅಡಿಗೂ ಹೆಚ್ಚು. ಹುಬ್ಬಳ್ಳಿ–ಧಾರವಾಡದ ನಮ್ಮ ಮನೆಗಳ ನಲ್ಲಿಗೆ ಬರುವುದೂ ಇದೇ ರೇಣುಕಾಸಾಗರದ ನೀರು.

ಇಷ್ಟು ನೀರು ಒತ್ತಿ ನಿಂತರೆ ಕಲ್ಲುಗಾರೆಯ ಗೋಡೆ ಸೋರುವುದಿಲ್ಲವೇ? ಸೋರುತ್ತದೆ. ಸೋರದ ಅಣೆಕಟ್ಟೇ ಇಲ್ಲ ಎನ್ನುತ್ತಾರೆ ನೀರಾವರಿ ಎಂಜಿನಿಯರುಗಳು. ಅಂಥ ದೊಡ್ಡ ಕಟ್ಟೆಗಳ ಹೊಟ್ಟೆಯೊಳಗೆ ಸುರಂಗದಂಥ ಗ್ಯಾಲರಿ ಬಿಟ್ಟಿರುತ್ತಾರೆ. ಜಿನುಗಿದ ನೀರು ಅಲ್ಲಿ ಸಣ್ಣ ಗಟಾರದಲ್ಲಿ ಕೂಡಿ, ತಗಡಿನಲ್ಲಿ ಕೊರೆದ ವಿ ಆಕಾರದ ಕಚ್ಚಿನಿಂದ ಕೆಳಗೆ ಬೀಳುತ್ತದೆ. ಕಚ್ಚಿನಲ್ಲಿ ನೀರು ಎಷ್ಟು ಎತ್ತರ ನಿಂತಿದೆ ಎಂದು ನೋಡಿದರೆ ಎಷ್ಟು ಸೋರುತ್ತಿದೆ ಎಂದು ಲೆಕ್ಕ ಸಿಗುತ್ತದೆ. ಸೋರಿಕೆ ಇದೆಯೋ ಇಲ್ಲವೋ ಎನ್ನುವುದು ಅವರ ಚಿಂತೆಯಲ್ಲ, ನಿನ್ನೆಗಿಂತ ಇವತ್ತು ಹೆಚ್ಚಾಯಿತೋ ಎನ್ನುವುದೇ ಚಿಂತೆ.

ಕಟ್ಟೆಯ ಬದಿಯ ನೆರಳಲ್ಲಿ ಕೂತು ಗಾಡಿ ನೋಡಿದೆ. ಜೋಗಮ್ಮ ಎರಚಿದ ಭಂಡಾರ ಎಡಗಡೆಯ ಕ್ಲಚ್ ಕವರಿನ ಮೇಲೆಲ್ಲ ತೆಳುವಾಗಿ ಕೂತಿತ್ತು. ಮೇಲ್ಭಾಗ ಒಣಗಿ ಹಳದಿಯಾಗಿಯೇ ಇತ್ತು. ಕಿಕ್ಕರಿನ ಶಾಫ್ಟು ಹೊರಬರುವ ತೂತಿನಿಂದ ಕೆಳಕ್ಕೆ ಮಾತ್ರ ಹೆಬ್ಬೆರಳಗಲದ ಪಟ್ಟಿ ಗಾಢ ಕಂದಾಗಿತ್ತು. ಎಣ್ಣೆ ಎಲ್ಲಿ ಕಂಡಿತೋ ಅಲ್ಲೇ ಸೋರುತ್ತದೆ ಅನ್ನುವ ಹಾಗಿಲ್ಲ. ಓಡುವ ಗಾಡಿಯಲ್ಲಿ ಗಾಳಿ ಅದನ್ನು ಹಿಂದಕ್ಕೆ ಒಯ್ಯುತ್ತದೆ, ಭೂಮಿ ಕೆಳಕ್ಕೆ ಎಳೆಯುತ್ತದೆ. ಹಾಗಾಗಿ ಒದ್ದೆಯಾದ ಭಾಗದಲ್ಲಿ ಎಲ್ಲಕ್ಕಿಂತ ಮೇಲಿನ, ಎಲ್ಲಕ್ಕಿಂತ ಮುಂದಿನ ಬಿಂದು ಯಾವುದೆಂದು ಹುಡುಕಬೇಕು. ಅದು ಇಲ್ಲಿ ಶಾಫ್ಟಿನ ತೂತೇ ಆಗಿತ್ತು. ಇಷ್ಟು ಸ್ಪಷ್ಟವಾದ ನಕಾಶೆ ಇದ್ದ ಮೇಲೆ ಇನ್ನೇನು, ಒಂದು ಸಣ್ಣ ರಬ್ಬರ್ ಬಳೆ ಬದಲಿಸಿದರೆ ಮುಗಿಯಿತು ಅನ್ನುವ ಉತ್ಸಾಹದಲ್ಲಿ ಮನೋಳಿಯ ದಾರಿ ಹಿಡಿದೆ.

ಸರ್ಕಾರಿ ಬೋರ್ಡಿನಲ್ಲಿ ಮುನವಳ್ಳಿ, ಬಾಯಲ್ಲಿ ಮನೋಳಿ. ಕೋಟೆ, ಹೊಳೆ, ಸುತ್ತ ಕಬ್ಬು, ಗೋವಿನಜೋಳ. ಮಿಸ್ತ್ರಿಯ ಅಂಗಡಿ ಎಂದರೆ ತಗಡಿನ ಮಾಡು, ಒಂದು ಬೆಂಚು, ಗೋಡೆಗೆ ಮೊಳೆ ಹೊಡೆದು ತೂಗುಹಾಕಿದ ಹಳೇ ಚೈನುಗಳು, ಬಾಗಿಲ ಬಳಿ ಬಸವಣ್ಣನ ಕ್ಯಾಲೆಂಡರು. ಎಪ್ಪತ್ತರ ಆಸುಪಾಸಿನ ಹಿರಿಯರು, ಬಿಳಿ ಧೋತರ ಮಂಡಿಯವರೆಗೆ ಎತ್ತಿ ಕಟ್ಟಿದ್ದರು. ಅಷ್ಟು ಎಣ್ಣೆಯ ನಡುವೆ ಆ ಧೋತರ ಅಷ್ಟು ಬಿಳಿಯಾಗಿ ಹೇಗೆ ಉಳಿದಿತ್ತೋ, ಕೇಳಲು ಧೈರ್ಯ ಬರಲಿಲ್ಲ.

"ಕಾಕಾ, ಕಿಕ್ಕರ್ ಕಡೆ ಸೋರಾಕತ್ತೈತ್ರಿ. ಸೀಲ್ ಹಾಕ್ಬೇಕು."

ಅವರು ಕಿಕ್ಕರಿನ ಕಡೆ ನೋಡಲೇ ಇಲ್ಲ. ಗಾಡಿಯ ಹಿಂದೆ ಹೋಗಿ ಕೂತರು. ಎಡಗಡೆಯ ಸೈಲೆನ್ಸರಿನ ಬಾಯಿಗೆ ಬೆರಳು ಹಾಕಿ ತೆಗೆದರು. ಕಪ್ಪು, ಅಂಟಂಟು. ಬೆರಳನ್ನು ಮೂಗಿನ ಹತ್ತಿರ ಒಯ್ದರು.

"ಚಾಲೂ ಮಾಡು ತಮ್ಮಾ."

ಮಾಡಿದೆ. ಹೊಗೆ ಬಂತು. ಎಂಜಿನ್ ಕಾದ ಮೇಲೂ ಕಡಿಮೆಯಾಗಲಿಲ್ಲ. ಅವರು ಕಣ್ಣು ಮುಚ್ಚಿ ಒಮ್ಮೆ ಉಸಿರೆಳೆದುಕೊಂಡರು.

"ಇದು ಟೂಟಿ ಎಣ್ಣಿ ವಾಸನಿ ಅಲ್ಲ. ಗೇರ್ ಎಣ್ಣಿ ಸುಡಾಕತ್ತೈತಿ."

ಟೂಟಿ ಎಂದರೆ ಪೆಟ್ರೋಲಿಗೆ ಬೆರೆಸುವ ಎಣ್ಣೆ. ಯೆಜ್ಡಿ ಟೂ ಸ್ಟ್ರೋಕ್ ಗಾಡಿ, ಎಂಜಿನ್ನಿಗೆ ಬೇರೆ ಎಣ್ಣೆಯ ಕೊಳವಿಲ್ಲ. ಪೆಟ್ರೋಲಿನ ಜೊತೆ ಬೆರೆತು ಹೋದ ಎಣ್ಣೆಯೇ ಬೇರಿಂಗು, ಪಿಸ್ಟನ್ನುಗಳನ್ನು ನಯವಾಗಿಟ್ಟು ಕೊನೆಗೆ ಹೊಗೆಯಾಗುತ್ತದೆ. ಗೇರಿನ ಎಣ್ಣೆಗೂ ಇದಕ್ಕೂ ಸಂಬಂಧವೇ ಇಲ್ಲ. ಗೇರಿನದು ಗೇರ್ ಬಾಕ್ಸಿನಲ್ಲಿ, ಕ್ಲಚ್ಚಿನ ಕೋಣೆಯಲ್ಲಿ ತನ್ನ ಪಾಡಿಗೆ ಇರಬೇಕು. ಅದು ಸುಡಬೇಕಾದರೆ ಗೋಡೆ ಹಾರಿ ಬರಬೇಕು.

ಮಿಸ್ತ್ರಿ ಪ್ಲಗ್ ಬಿಚ್ಚಿ ತೋರಿಸಿದರು. ಒಣಗಿ ಕಂದಾಗಿರಬೇಕಿದ್ದ ತುದಿ ಒದ್ದೆ, ಮಸಿ. ಆಮೇಲೆ ಗಾಡಿಯನ್ನು ನೆಟ್ಟಗೆ ನಿಲ್ಲಿಸಿ ಕ್ಲಚ್ ಕವರಿನ ಲೆವೆಲ್ ಸ್ಕ್ರೂ ತೆಗೆದರು. ಎಣ್ಣೆ ಸರಿಯಾಗಿದ್ದರೆ ಆ ತೂತಿನಿಂದ ಸ್ವಲ್ಪ ಒಸರಬೇಕು. ಒಂದು ಹನಿಯೂ ಬರಲಿಲ್ಲ. ಚಹಾದ ಗ್ಲಾಸಿನಲ್ಲಿ ಗೇರ್ ಎಣ್ಣೆ ತುಂಬಿ ತುಂಬಿ ಮೇಲಿನಿಂದ ಹಾಕುತ್ತಾ ಹೋದರು. ಕೆಳಗಿನ ತೂತು ಒಸರುವವರೆಗೆ. ಧಾರವಾಡ ಬಿಡುವಾಗ ನಾನೇ ತುಂಬಿಸಿದ್ದೆ. ಅಲ್ಲಿಂದ ಇಲ್ಲಿಗೆ ಬರುವುದರೊಳಗೆ ಖಾಲಿಯಾದ ಗ್ಲಾಸುಗಳನ್ನು ಬೆಂಚಿನ ಮೇಲೆ ಕಡ್ಡಿಯಿಂದ ಗೀರಿ ಇಟ್ಟರು. ಆಮೇಲೆ ಗಾಡಿಯ ಕೆಳಗೆ ಸಿಮೆಂಟ್ ಚೀಲದ ಕಾಗದ ಹಾಸಿ, "ಚಹಾ ಕುಡದು ಬರೋಣ ಬಾ" ಅಂದರು.

ಚಹಾ ಕುಡಿದು, ಊರ ಸುದ್ದಿ ಮಾತಾಡಿ ಮರಳಿದಾಗ ಕಾಗದದ ಮೇಲೆ ಎರಡೋ ಮೂರೋ ಹನಿ. ಅವರು ಆ ಹನಿಗಳನ್ನು ತೋರಿಸಿದರು, ಬೆಂಚಿನ ಗೀರುಗಳನ್ನು ತೋರಿಸಿದರು.

"ಲೆಕ್ಕ ಕೂಡ್ತೈತೇನು? ನೆಲಕ್ಕ ಬಿದ್ದಿದ್ದು ಕಣ್ಣಿಗೆ ಕಾಣ್ತೈತಿ, ಅದಕ್ಕ ಎಲ್ಲಾರೂ ಅದನ್ನ ಹಿಡ್ಕೊಂಡು ಕೂಡ್ತಾರ. ಉಳದಿದ್ದು ನೀನ ಹಿಂದ ಬಿಟ್ಕೋತ ಬಂದಿ, ಹೊಗಿ ಮಾಡಿ."

ಸೀತನಿ ಸುಡುತ್ತಿದ್ದ ಗೌಡರ ಮಾತು ಆಗ ನೆನಪಾಯಿತು.

ಟೂ ಸ್ಟ್ರೋಕ್ ಎಂಜಿನ್ನಿನ ತಳಭಾಗ ಉಸಿರಾಡುತ್ತದೆ. ಪಿಸ್ಟನ್ ಮೇಲಕ್ಕೆ ಹೋದಾಗ ಕೆಳಗೆ ಕ್ರಾಂಕ್ ಇರುವ ಕೋಣೆಯಲ್ಲಿ ಗಾಳಿ ತೆಳುವಾಗುತ್ತದೆ. ಆ ಸೆಳೆತಕ್ಕೆ ಕಾರ್ಬೊರೇಟರಿನಿಂದ ಪೆಟ್ರೋಲು–ಗಾಳಿ ಒಳಗೆ ನುಗ್ಗುತ್ತದೆ. ಪಿಸ್ಟನ್ ಕೆಳಗೆ ಬಂದಾಗ ಅದೇ ಕೋಣೆ ಅದನ್ನು ಒತ್ತಿ ಮೇಲಿನ ಸಿಲಿಂಡರಿಗೆ ದೂಡುತ್ತದೆ. ನಿಮಿಷಕ್ಕೆ 4,000 ಸುತ್ತು ತಿರುಗಿದರೆ ಸೆಕೆಂಡಿಗೆ 66ಕ್ಕೂ ಹೆಚ್ಚು ಸಲ ಎಳೆತ, ಅಷ್ಟೇ ಸಲ ಒತ್ತಡ. ಈ ಕೋಣೆಯ ಎಡಗೋಡೆ ತೂರಿಕೊಂಡು ಕ್ರಾಂಕಿನ ದಂಡ ಕ್ಲಚ್ಚಿನ ಕೋಣೆಗೆ ಬರುತ್ತದೆ, ಅಲ್ಲಿ ತುಂಬಿರುವುದು ಗೇರ್ ಎಣ್ಣೆ. ಒಂದು ಕಡೆ ಬಿರುಸಿನ ಉಸಿರಾಟ, ಇನ್ನೊಂದು ಕಡೆ ನಿಂತ ಎಣ್ಣೆ, ನಡುವೆ ಗಿರಗಿರ ತಿರುಗುವ ಉಕ್ಕಿನ ದಂಡ. ಈ ಎರಡು ಲೋಕಗಳನ್ನು ಬೇರೆ ಇಡುವುದು ಒಂದು ರಬ್ಬರಿನ ತುಟಿ. ಆಯಿಲ್ ಸೀಲ್. ಆ ತುಟಿ ಹರಿದರೆ ಎಂಜಿನ್ ಪ್ರತಿ ಎಳೆತಕ್ಕೂ ಒಂದಿಷ್ಟು ಗೇರ್ ಎಣ್ಣೆ ಕುಡಿಯುತ್ತದೆ. ನೆಲಕ್ಕೆ ಬೀಳುವ ಪ್ರಶ್ನೆಯೇ ಇಲ್ಲ.

ಬಿಚ್ಚುವ ಕೆಲಸ ಶುರುವಾಯಿತು. ಕಿಕ್ಕರ್ ಹೊರಗೆ, ಫುಟ್‌ರೆಸ್ಟ್ ಹೊರಗೆ. ಕವರಿನ ಸ್ಕ್ರೂಗಳು ಜಗ್ಗಲಿಲ್ಲ. ಮಿಸ್ತ್ರಿ ಡ್ರೈವರನ್ನು ಸ್ಕ್ರೂವಿನ ತಲೆಗಿಟ್ಟು ಸುತ್ತಿಗೆಯಿಂದ ಒಂದೊಂದು ಪೆಟ್ಟು ಕೊಟ್ಟರು, ಬಲವಾಗಿಯೂ ಅಲ್ಲ, ಮೆಲ್ಲಗೂ ಅಲ್ಲ. ಆಮೇಲೆ ಅವು ತಾವಾಗಿಯೇ ತಿರುಗಿದವು. ಕವರ್ ಎಳೆದಾಗ ನಡುವಿನ ಪ್ಯಾಕಿಂಗು ಅರ್ಧ ಹರಿದು ಕವರಿಗೇ ಅಂಟಿಕೊಂಡಿತು. ಬ್ಲೇಡಿನಿಂದ ಕೆರೆಯಲು ಹೋದವರು ತಡೆದು, ಅಂಗಿಯ ತುದಿಯಿಂದ ಎಣ್ಣೆ ಒರೆಸಿ ನನ್ನ ಕೈಗೆ ಕೊಟ್ಟರು. ಅದು ಪ್ಯಾಕಿಂಗ್ ಹಾಳೆಯಾಗಿರಲಿಲ್ಲ. ದಪ್ಪ ಲಗ್ನಪತ್ರಿಕೆಯನ್ನು ಅಂಚಿಗೆ ಸರಿಯಾಗಿ ಕತ್ತರಿಸಿ ಯಾರೋ ಹಾಕಿದ್ದರು. ಎಣ್ಣೆ ಕುಡಿದು ಜೇನುಬಣ್ಣಕ್ಕೆ ತಿರುಗಿದ ಕಾಗದದಲ್ಲಿ "ಸುಖಾಗಮನ ಬಯಸುವ" ಎಂಬಷ್ಟು ಓದಲು ಬರುತ್ತಿತ್ತು. ಗಂಡು ಹೆಣ್ಣಿನ ಹೆಸರು ಇದ್ದ ಕಡೆ ಬೋಲ್ಟಿನ ತೂತು. ಯಾವ ಊರಿನ ಮದುವೆ, ಯಾವ ಮಿಸ್ತ್ರಿ, ಗಾಡಿ ಆಗ ಯಾರ ಮನೆಯಲ್ಲಿತ್ತು? ನನಗಿಂತ ಮೊದಲು ಈ ಗಾಡಿಗಿದ್ದ ಬದುಕಿನ ಒಂದು ಚೂರು ಗೇರ್ ಎಣ್ಣೆಯಲ್ಲಿ ಉಪ್ಪಿನಕಾಯಿಯ ಹೋಳಾಗಿ ಕೂತಿತ್ತು.

"ಚಲೋ ಕೆಲಸಾ ಮಾಡ್ಯಾನ" ಎಂದು ಮಿಸ್ತ್ರಿ ಆ ಕಾಣದ ಮಿಸ್ತ್ರಿಯನ್ನು ಹೊಗಳಿದರು. "ಈ ಪತ್ರಿಕಿಯಿಂದ ಒಂದ್ ಹನಿ ಹೊರಗ ಬಂದಿಲ್ಲ."

ಕ್ಲಚ್ಚಿನ ಪ್ಲೇಟುಗಳು ಬಂದವು. ಪ್ರೈಮರಿ ಚೈನಿಗೆ ಜೋಡುಕೊಂಡಿ ಇರುವುದಿಲ್ಲವಾದ್ದರಿಂದ ಕ್ಲಚ್ಚಿನ ಡ್ರಮ್ಮು, ಚೈನು, ಕ್ರಾಂಕಿನ ಹಲ್ಲುಗಾಲಿ ಮೂರೂ ಒಟ್ಟಿಗೇ ಹೊರಬರಬೇಕು. ಹಲ್ಲುಗಾಲಿ ಕೂತಿರುವುದು ದಂಡದ ಇಳಿಜಾರು ತುದಿಯ ಮೇಲೆ. ಪುಲ್ಲರ್ ಹಾಕಿ ಬಿಗಿಗೊಳಿಸಿ ಪುಲ್ಲರಿನ ಬೋಲ್ಟಿನ ತಲೆಗೆ ಒಂದು ಪೆಟ್ಟು. ಟಣ್ ಎಂದು ಬಿಟ್ಟುಕೊಂಡಿತು. ಅದರ ಹಿಂದೆ ಆ ಸೀಲು.

ತೆಗೆದು ಅಂಗೈಯಲ್ಲಿಟ್ಟರು. ಬಳೆಯಷ್ಟೂ ದೊಡ್ಡದಲ್ಲ. ತಗಡಿನ ಉಂಗುರ, ಒಳಗೆ ರಬ್ಬರು, ರಬ್ಬರಿನ ಬೆನ್ನಿಗೆ ಕೂದಲಿಗಿಂತ ಸ್ವಲ್ಪ ದಪ್ಪನೆಯ ತಂತಿಯ ಸುರುಳಿ ಸ್ಪ್ರಿಂಗು. ತುಟಿ ಗಟ್ಟಿಯಾಗಿ ಉಗುರಿನಂತೆ ಸಿಡಿಯುತ್ತಿತ್ತು. ಒಂದು ಕಡೆ ಜೋಳದ ಕಾಳಿನಷ್ಟು ಚೂರು ಇರಲೇ ಇಲ್ಲ. ಧಾರವಾಡದಿಂದ ಇಲ್ಲಿಯವರೆಗಿನ ಅಷ್ಟೂ ಹೊಗೆ ಆ ಕಾಳಿನಷ್ಟು ಜಾಗದಿಂದ ಹೋಗಿತ್ತು.

ನನ್ನ ಜೋಳಿಗೆಯಲ್ಲಿ ಗುಡ್ಡದ ಭಂಡಾರದ ಪೊಟ್ಟಣವಿತ್ತು. ಕಿಕ್ಕರಿನ ಸೋರಿಕೆ ಮತ್ತೆ ನೋಡುವಾಗ ಪುಡಿ ಬೇಕಾದೀತು ಎಂದು ಮುಂದೆ ಹಿಡಿದೆ. ಮಿಸ್ತ್ರಿ ಒಂದು ಚಿಟಿಕೆ ತೆಗೆದು ಹಣೆಗಿಟ್ಟುಕೊಂಡು ಪೊಟ್ಟಣ ಮರಳಿಸಿದರು. "ದೇವ್ರ ಭಂಡಾರ ಇದಕ್ಕ ಬ್ಯಾಡ. ನಮ್ಮನ್ಯಾಗ ಮಾರಿಗೆ ಹಚ್ಚೂ ಪೌಡರ್ ಐತಿ." ಒಳಗಿನಿಂದ ಅವರ ಸೊಸೆ ಡಬ್ಬಿ ತಂದುಕೊಟ್ಟರು. ಇದು ಮೊದಲ ಸಲವೇನಲ್ಲ ಎಂದು ಅವರ ಮುಖವೇ ಹೇಳುತ್ತಿತ್ತು.

ಹೊಸ ಸೀಲಿಗೆ ಸವದತ್ತಿಗೆ ಹುಡುಗನನ್ನು ಕಳಿಸಿದರು. ಯೆಜ್ಡಿ ಸೀಲು ಕೇಳಬೇಡ, ಪಂಪಿನ ಅಂಗಡಿಗೆ ಹೋಗಿ ಈ ಮೂರು ನಂಬರು ಹೇಳು ಎಂದು ಚೀಟಿ ಬರೆದುಕೊಟ್ಟರು. ದಂಡದ ದಪ್ಪ, ಗುಣಿಯ ಅಗಲ, ಸೀಲಿನ ದಪ್ಪ. ಈ ಮೂರು ಕೂಡಿದರೆ ಸಾಕು, ಅದು ಯಾವ ಯಂತ್ರಕ್ಕೆಂದು ಹುಟ್ಟಿದ್ದು ಎನ್ನುವುದು ಮುಖ್ಯವಲ್ಲ. ಇನ್ನೊಂದು ಷರತ್ತು ಮಾತ್ರ ಇತ್ತು: ನೈಟ್ರೈಲ್ ರಬ್ಬರು ಆಗಿರಬೇಕು, ಸಾದಾ ರಬ್ಬರು ಪೆಟ್ರೋಲಿನಲ್ಲಿ ಉಬ್ಬಿ ಕೆಡುತ್ತದೆ. ಕಾರ್ಖಾನೆ ಮುಚ್ಚಿ ಇಷ್ಟು ವರ್ಷವಾದರೂ ಈ ಗಾಡಿಗಳು ಹೇಗೆ ಓಡುತ್ತಿವೆ ಎಂಬ ನನ್ನ ಹಳೇ ಪ್ರಶ್ನೆಗೆ ಆ ಚೀಟಿಯಲ್ಲಿ ಉತ್ತರವಿತ್ತು.

ಹುಡುಗ ಬರುವವರೆಗೆ ಊರು ನೋಡಿದೆ. ಪಂಚಲಿಂಗೇಶ್ವರ ಗುಡಿ ಸೇವುಣರ ಕಾಲದ್ದು. ಹೊರಗಿನ ಬಿಸಿಲಿನಿಂದ ಒಳಗೆ ಹೋದರೆ ಕಣ್ಣು ಹೊಂದಿಕೊಳ್ಳಲು ಹೊತ್ತು ಹಿಡಿಯುತ್ತದೆ. ಆ ಕಾಲದ ಗುಡಿಗಳಲ್ಲಿ ಕಲ್ಲಿಗೂ ಕಲ್ಲಿಗೂ ನಡುವೆ ಗಾರೆ ಇರುವುದಿಲ್ಲ, ಎರಡೂ ಮೈಗಳನ್ನು ಕೂದಲೂ ಹೋಗದ ಹಾಗೆ ತಿಕ್ಕಿ ಕೂರಿಸಿದ್ದು. ಮಿಸ್ತ್ರಿ ಬೆಳಿಗ್ಗೆ ಕ್ಲಚ್ ಕವರಿನ ಅಂಚನ್ನು ಗಾಜಿನ ಮೇಲೆ ಹಾಸಿದ ಪಾಲಿಶ್ ಕಾಗದಕ್ಕೆ ತಿಕ್ಕಿ ಸಮ ಮಾಡುತ್ತಿದ್ದದ್ದನ್ನು ನೋಡಿದ್ದರಿಂದ, ಆ ಸಂದುಗಳನ್ನು ಬೆರಳಿಂದ ಸವರುತ್ತಾ ಬಹಳ ಹೊತ್ತು ನಿಂತೆ.

ಹೊಳೆಯಲ್ಲಿ ನೀರು ಕಡಿಮೆ. ಇದೇ ಜಾಗದಲ್ಲಿ 1800ರ ಜುಲೈ 30ರಂದು ಮಲಪ್ರಭೆ ತುಂಬಿ ಹರಿಯುತ್ತಿತ್ತು. ಶಿಕಾರಿಪುರದ ಕಡೆಯಿಂದ ಎದ್ದು ಇಡೀ ಈ ಸೀಮೆಯನ್ನು ನಡುಗಿಸಿದ್ದ ಧೋಂಡಿಯಾ ವಾಘನ ದಂಡು ಮನೋಳಿಯ ಎದುರು ಹೊಳೆ ದಾಟುವ ಗಡಿಬಿಡಿಯಲ್ಲಿದ್ದಾಗ ಆರ್ಥರ್ ವೆಲ್ಲೆಸ್ಲಿ ಬಂದು ಮೇಲೆ ಬಿದ್ದ. ಎಷ್ಟೋ ಜನ, ಜಾನುವಾರು ನೀರಿನಲ್ಲೇ ಹೋದರು. ಸೆಪ್ಟೆಂಬರಿನಲ್ಲಿ ಧೋಂಡಿಯಾ ಸತ್ತ. ವೆಲ್ಲೆಸ್ಲಿ 15 ವರ್ಷದ ಮೇಲೆ ವಾಟರ್‌ಲೂದಲ್ಲಿ ನೆಪೋಲಿಯನ್ನನನ್ನು ಸೋಲಿಸಿದ. ಅವನ ಕಥೆ ಬರೆದವರು ಮನೋಳಿಯನ್ನು ಒಂದು ಸಾಲಿನಲ್ಲಿ ದಾಟುತ್ತಾರೆ. ದಂಡೆಯಲ್ಲಿ ಬಟ್ಟೆ ಒಗೆಯುತ್ತಿದ್ದವರಿಗೆ ನೆನಪಿದ್ದದ್ದು ಬೇರೆ ವರ್ಷ: 2019ರ ಆಗಸ್ಟ್. ನವಿಲುತೀರ್ಥದಿಂದ ಬಿಟ್ಟ ನೀರು ಊರೊಳಗೆ ನುಗ್ಗಿದ ವರ್ಷ. ಮಿಸ್ತ್ರಿಯೂ ಅದನ್ನೇ ಹೇಳಿದ್ದರು. ನೀರು ಇಳಿದ ಮೇಲೆ ಸಾಲುಗಟ್ಟಿ ಗಾಡಿಗಳು ಬಂದವಂತೆ. ಎಂಜಿನ್ನಿನ ಬೋಲ್ಟು ಬಿಚ್ಚಿದರೆ ಎಣ್ಣೆಯ ಬದಲು ಹಾಲು ಹಾಕಿದ ಚಹಾದ ಬಣ್ಣದ ನೊರೆ. ಖಾಲಿ ಮಾಡಿ, ಚಿಮಣಿ ಎಣ್ಣೆಯಲ್ಲಿ ತೊಳೆದು, ಹೊಸ ಎಣ್ಣೆ ಹಾಕಿ, ಮತ್ತೆ ಖಾಲಿ ಮಾಡಿ. "ಆವಾಗ ರೊಕ್ಕಾ ಯಾರನ್ನ ಕೇಳಲಿ" ಎಂದು ಅಷ್ಟಕ್ಕೇ ಮಾತು ಬಿಟ್ಟಿದ್ದರು.

ಮಧ್ಯಾಹ್ನದ ಬಸ್ಸಿಗೆ ಹುಡುಗ ಸೀಲು ತಂದ. ಆಮೇಲೆ ನಡೆದದ್ದನ್ನು ನಾನು ಕಣ್ಣು ಪಿಳುಕಿಸದೆ ನೋಡಿದೆ.

ಮಿಸ್ತ್ರಿ ಮೊದಲು ದಂಡವನ್ನು ಒರೆಸಿ ನನ್ನ ಉಗುರನ್ನು ಅದರ ಮೇಲೆ ಎಳೆಸಿದರು. ಉಗುರು ಒಂದು ಕಡೆ ತಡೆಯಿತು. ಸಣ್ಣ ಗೆರೆ, ಸುತ್ತಲೂ. ಹಳೇ ಸೀಲಿನ ತುಟಿ ಕೂತಿದ್ದ ಜಾಗ ಅದು. ರಬ್ಬರು ಉಕ್ಕನ್ನು ತೋಡಿತ್ತು! ನೀರು ಸೇದುವ ಹಗ್ಗ ಬಾವಿಯ ದಂಡೆಗಲ್ಲನ್ನು ತೋಡುವ ಹಾಗೆ, ವರ್ಷಗಟ್ಟಲೆ ಸುತ್ತುತ್ತಾ, ತುಟಿಗೆ ಸಿಕ್ಕಿಕೊಂಡ ಧೂಳಿನ ಕಣಗಳ ಸಹಾಯದಿಂದ. ಹೊಸ ಸೀಲನ್ನು ಅದೇ ಗೆರೆಯ ಮೇಲೆ ಕೂರಿಸಿದರೆ ಹೊಸದೂ ಸೋರುತ್ತದೆ. ಅದಕ್ಕೆ ಅದನ್ನು ಪೂರ್ತಿ ತಳಕ್ಕೆ ಒತ್ತದೆ ಒಂದು ಕೂದಲೆಳೆ ಹೊರಗೆ ನಿಲ್ಲಿಸಬೇಕು, ತುಟಿ ಸವೆಯದ ಉಕ್ಕಿನ ಮೇಲೆ ಓಡುತ್ತದೆ.

ಇನ್ನೊಂದು ತೊಡಕು. ದಂಡದ ತುದಿಯಲ್ಲಿ ಕೀಲಿ ಕೂರುವ ಗುಣಿಯಿದೆ, ಅದರ ಅಂಚು ಚೂರಿಯಷ್ಟು ಹರಿತ. ಸೀಲು ಅದರ ಮೇಲೆ ಜಾರಿ ಹೋಗುವಾಗ ತುಟಿ ಕೊಯ್ಯಬಹುದು. ಮಿಸ್ತ್ರಿ ಹಾಲಿನ ಪಾಕೀಟು ತೊಳೆದು ಒಣಗಿಸಿಟ್ಟಿದ್ದನ್ನು ತೆಗೆದು, ಕತ್ತರಿಸಿ, ದಂಡದ ತುದಿಗೆ ಟೋಪಿಯಾಗಿ ಸುತ್ತಿದರು. ಮೇಲೆ ಗ್ರೀಸು. ಸೀಲಿನ ತುಟಿಗೂ ಗ್ರೀಸು. ಸ್ಪ್ರಿಂಗಿನ ಮುಖ ಒಳಗಡೆ. ಹಾಲಿನ ಪಾಕೀಟಿನ ಮೇಲೆ ಸೀಲು ಸದ್ದಿಲ್ಲದೆ ಜಾರಿ ಗುಣಿಯ ಬಾಯಿಗೆ ಬಂತು. ಪಾಕೀಟನ್ನು ಎಳೆದು ತೆಗೆದರು. ಸೀಲಿನಷ್ಟೇ ಅಗಲದ ಒಂದು ಹಳೇ ಬುಷ್ ಇಟ್ಟು ಸುತ್ತಿಗೆಯ ಹಿಡಿಕೆಯಿಂದ ಮೇಲೆ, ಕೆಳಗೆ, ಎಡ, ಬಲ ತಟ್ಟಿದರು. ಪ್ರತಿ ತಟ್ಟಿಗೂ ನಿಂತು ಬೆರಳಿಂದ ಸುತ್ತ ಸವರಿದರು. ಸಾಕು ಅನ್ನಿಸಿದಾಗ ನಿಲ್ಲಿಸಿದರು. ಅಳೆಯುವ ಪಟ್ಟಿ ಅಂಗಡಿಯಲ್ಲಿ ಇತ್ತು, ಅದನ್ನು ಮುಟ್ಟಲಿಲ್ಲ.

ಜೋಡಿಸುವುದು ಬಿಚ್ಚಿದ್ದಕ್ಕಿಂತ ಬೇಗ ಆಯಿತು. ಹೊಸ ಪ್ಯಾಕಿಂಗಿಗೆ ಹಾಳೆಯನ್ನು ಕವರಿನ ಮೇಲೆ ಹಾಸಿ ಗುಂಡುತಲೆಯ ಸಣ್ಣ ಸುತ್ತಿಗೆಯಿಂದ ಅಂಚಿನುದ್ದಕ್ಕೂ ಟಕಟಕ ಬಡಿಯುತ್ತಾ ಹೋದರು. ಕವರಿನ ಅಂಚೇ ಕತ್ತರಿಯಾಗಿ ಹಾಳೆಯನ್ನು ತನ್ನ ಆಕಾರಕ್ಕೆ ಕತ್ತರಿಸಿಕೊಂಡಿತು. ಕಿಕ್ಕರಿನ ಶಾಫ್ಟಿಗೂ ಹೊಸ ರಬ್ಬರು ಬಿತ್ತು. ಕವರ್ ಒರೆಸಿ, ಸೊಸೆಯ ಪೌಡರ್ ಉದುರಿಸಿ, ಗಾಡಿ ಚಾಲೂ ಮಾಡಿದರು. ಮೊದಲು ದಟ್ಟ ಹೊಗೆ ಬಂತು. ನನ್ನ ಮುಖ ಇಳಿದದ್ದು ನೋಡಿ, "ತಡಿಯೋ. ಸೈಲೆನ್ಸರ್‌ನ್ಯಾಗ ಕೂತಿದ್ದ ಹಳೇದು ಸುಡಬೇಕು" ಅಂದರು. ಹೊಳೆಯ ಸೇತುವೆಯವರೆಗೆ ಹೋಗಿ ಬಂದೆ. ಮರಳುವಾಗ ಕನ್ನಡಿಯಲ್ಲಿ ಹಿಂದಿನ ರಸ್ತೆ ಕಂಡಿತು, ರಸ್ತೆಯ ಮೇಲಿನ ಎತ್ತು ಕಂಡಿತು, ಎತ್ತಿನ ಹಿಂದಿನ ಮನುಷ್ಯನೂ ಕಂಡ. ಈ ಗಾಡಿಯ ಕನ್ನಡಿಯಲ್ಲಿ ಹೊಗೆ ಬಿಟ್ಟು ಬೇರೇನನ್ನಾದರೂ ಕಂಡು ಬಹಳ ಕಾಲವಾಗಿತ್ತು.

ಲಗ್ನಪತ್ರಿಕೆಯ ಚೂರನ್ನು ನಾನು ಕೇಳಿ ತೆಗೆದುಕೊಂಡೆ. ಹಳೇ ಸೀಲನ್ನು ಮಿಸ್ತ್ರಿ ಕೊಡಲಿಲ್ಲ. ಹುಡುಗರಿಗೆ ತೋರಿಸಲು ಬೇಕಂತೆ. ಕೂಲಿ ಹೇಳಿದ್ದು ಎಷ್ಟು ಕಡಿಮೆಯಿತ್ತೆಂದರೆ ಬರೆಯಲು ನನಗೇ ಸಂಕೋಚ. ಹೆಚ್ಚು ಕೊಡಲು ಹೋದರೆ, "ಊಟಾ ಮಾಡಿ ಹೋಗು, ಅಷ್ಟ ಸಾಕು" ಅಂದರು. ಬಿಳಿಜೋಳದ ರೊಟ್ಟಿ, ಪುಂಡಿಪಲ್ಯ, ಕೆಂಪು ಚಟ್ನಿ, ಗಟ್ಟಿ ಮೊಸರು. ಕೈಯ ಗೇರ್ ಎಣ್ಣೆಯ ವಾಸನೆ ಸೋಪಿಗೆ ಹೋಗಿರಲಿಲ್ಲ, ಪುಂಡಿಯ ಹುಳಿಗೆ ಸೋತಿತು.

ರಾಮದುರ್ಗದ ದಾರಿಯಲ್ಲಿ ತೊರಗಲ್ಲಿಗೆ ತಿರುಗಿದೆ. ಭೂತನಾಥ ಗುಡಿಗೆ ಹೋಗುವ ಮೊದಲು ಕೋಟೆಯ ಹತ್ತಿರ ಸಮ ನೆಲ ನೋಡಿ ಗಾಡಿ ನಿಲ್ಲಿಸಿ ಲೆವೆಲ್ ಸ್ಕ್ರೂ ಬಿಚ್ಚಿದೆ. ಹೊನ್ನಿನ ಬಣ್ಣದ ಎಣ್ಣೆ ಸಣ್ಣಗೆ ಒಸರಿ ಬಂತು. ಪೌಡರ್ ಹಾಗೇ ಬಿಳಿಯಾಗಿತ್ತು. ಕಟ್ಟೆಯ ಮೇಲೆ ಕೂತಿದ್ದ ಅಜ್ಜ ಒಬ್ಬರು ಎದ್ದು ಬಂದು ಬಗ್ಗಿ ನೋಡಿದರು.

"ಯಪ್ಪಾ, ಸೋರಾಕತ್ತೈತಲ್ಲೊ!"

"ಇಲ್ಲ ಅಜ್ಜಾ, ನಾನ ಬಿಚ್ಚಿ ನೋಡಾಕತ್ತೀನಿ, ಎಣ್ಣಿ ಐತೊ ಇಲ್ಲೊ ಅಂತ."

"ಐತಲ್ಲ?"

"ಐತ್ರಿ."

"ಮತ್ತ ಬಂದ್ ಮಾಡು, ದಂಡ ಹೊಂಟೈತಿ."